ಬ್ರೌಸರ್‌ನಲ್ಲಿ ಎಲ್ಲ ಸರಿ, ಜಾವಾ ಮಾತ್ರ ಸರ್ಟಿಫಿಕೇಟ್ ನಂಬುತ್ತಿಲ್ಲ. ಗೇಟಲ್ಲಿ ಲಾರಿ ನಿಂತಿವೆ!

ಪೀಣ್ಯ_ಪರದಾಟ (ಸೋಮವಾರ, ಬೆಳಿಗ್ಗೆ 10:40)

ಎಲ್ಲರಿಗೂ ನಮಸ್ಕಾರ. ಅರ್ಜೆಂಟ್ ಇದೆ, ನೇರ ವಿಷಯಕ್ಕೆ ಬರುತ್ತೇನೆ.

ನಮ್ಮದು ಪೀಣ್ಯದಲ್ಲಿ ಬಿಡಿಭಾಗ ಮಾಡುವ ಫ್ಯಾಕ್ಟರಿ. ಸ್ಟಾಕು, ಬಿಲ್ಲು, ಡಿಸ್ಪ್ಯಾಚು ಎಲ್ಲಕ್ಕೂ ಒಂದೇ ವೆಬ್ ಅಪ್ಲಿಕೇಶನ್. ಶನಿವಾರ ಅದರ ಎಸ್‌ಎಸ್‌ಎಲ್ ಸರ್ಟಿಫಿಕೇಟ್ (ಸೈಟು ಅಸಲಿ ಅಂತ ತೋರಿಸುವ ಡಿಜಿಟಲ್ ಗುರುತು ಪತ್ರ) ಅವಧಿ ಮುಗಿಯೋದಿತ್ತು. ಶುಕ್ರವಾರ ರಾತ್ರಿ ವೆಂಡರ್ ಬಂದು ಹೊಸದು ಹಾಕಿ ಹೋದರು. ಈ ಸಲ ಬೇರೆ ಕಂಪನಿಯದು, ರೇಟು ಕಮ್ಮಿ ಅಂತ. ಕ್ರೋಮ್‌ನಲ್ಲಿ ತೆರೆದು ನೋಡಿದೆ, ಚೆನ್ನಾಗಿ ಬಂತು. ಮನೆಗೆ ಹೋಗಿ ಮಲಗಿದೆ.

ಇವತ್ತು ಬೆಳಿಗ್ಗೆಯಿಂದ ಇನ್‌ವಾಯ್ಸ್ ಕಳಿಸುವ ಜಾವಾ ಸರ್ವಿಸ್ ಪ್ರತಿ ಸಲ ಇದನ್ನೇ ಹೇಳುತ್ತಿದೆ: "ಪಿಕೆಐಎಕ್ಸ್ ಪಾತ್ ಬಿಲ್ಡಿಂಗ್ ಫೇಲ್ಡ್, ಅನೇಬಲ್ ಟು ಫೈಂಡ್ ವ್ಯಾಲಿಡ್ ಸರ್ಟಿಫಿಕೇಶನ್ ಪಾತ್ ಟು ರಿಕ್ವೆಸ್ಟೆಡ್ ಟಾರ್ಗೆಟ್". ಗೋಡೌನ್‌ನ ಆಂಡ್ರಾಯ್ಡ್ ಸ್ಕ್ಯಾನರ್‌ಗಳಲ್ಲಿ "ಟ್ರಸ್ಟ್ ಆಂಕರ್ ಫಾರ್ ಸರ್ಟಿಫಿಕೇಶನ್ ಪಾತ್ ನಾಟ್ ಫೌಂಡ್". ಅದೂ ಒಮ್ಮೆ ಬರುತ್ತೆ, ಒಮ್ಮೆ ಬರಲ್ಲ. ಲ್ಯಾಪ್‌ಟಾಪ್‌ಗಳಲ್ಲಿ ಮಾತ್ರ ಯಾರಿಗೂ ತೊಂದರೆ ಇಲ್ಲ.

ಕೀಟೂಲ್‌ನಲ್ಲಿ (ಜಾವಾ ನಂಬುವ ಸರ್ಟಿಫಿಕೇಟ್ ಪಟ್ಟಿ ತಿದ್ದುವ ಟೂಲ್) ಹೊಸ ಸರ್ಟಿಫಿಕೇಟ್ ಇಂಪೋರ್ಟ್ ಮಾಡಿದೆ. "ಆಡೆಡ್ ಟು ಕೀಸ್ಟೋರ್" ಅಂತ ಬಂತು. ಸರ್ವಿಸ್ ರೀಸ್ಟಾರ್ಟ್ ಮಾಡಿದೆ. ಅದೇ ರಾಗ, ಅದೇ ತಾಳ.

ಇ-ವೇ ಬಿಲ್ ಇಲ್ಲದೆ ಲಾರಿ ಹೊರಗೆ ಬಿಡೋ ಹಾಗಿಲ್ಲ. ಗೇಟಲ್ಲಿ 3 ಲಾರಿ ನಿಂತಿವೆ. ಡ್ರೈವರ್‌ಗಳದ್ದು ಎರಡನೇ ರೌಂಡ್ ಟೀ ಆಯ್ತು. ಮ್ಯಾನೇಜರ್ ಹತ್ತು ನಿಮಿಷಕ್ಕೊಮ್ಮೆ ಬಂದು ಏನೂ ಮಾತಾಡದೆ ನನ್ನ ಕುರ್ಚಿ ಹಿಂದೆ ನಿಲ್ಲುತ್ತಾರೆ. ಬೈದರೂ ಪರವಾಗಿಲ್ಲ, ಹೀಗೆ ನಿಲ್ಲೋದು ಬೇಡ. ಏನಾದ್ರೂ ಹೇಳಿ.

ಶಾರ್ಟ್‌ಕಟ್_ಶೆಟ್ಟಿ

ಜಾವಾ ಕೋಡ್‌ನಲ್ಲಿ ಬಂದ ಸರ್ಟಿಫಿಕೇಟ್ ಎಲ್ಲವನ್ನೂ ಒಪ್ಪಿಕೊಳ್ಳುವ ಟ್ರಸ್ಟ್ ಮ್ಯಾನೇಜರ್ ಹಾಕಿ. ಹತ್ತು ಸಾಲಿನ ಕೆಲಸ. ಲಾರಿ ಬಿಡಿ, ಊಟ ಮಾಡಿ, ಆಮೇಲೆ ಸರಿಯಾಗಿ ನೋಡಿದರಾಯ್ತು.

ಹಳೇ_ಸರ್ವರ್

ಶೆಟ್ರೇ, ಆ "ಆಮೇಲೆ" ಯಾವತ್ತೂ ಬರಲ್ಲ. ಹೋದ ವರ್ಷ ಒಂದು ಕಡೆ ಕೋಡ್ ನೋಡುತ್ತಿದ್ದೆ. ಇದೇ ಹತ್ತು ಸಾಲು, ಮೇಲೆ "ತಾತ್ಕಾಲಿಕ, ಸೋಮವಾರ ತೆಗೆಯಬೇಕು" ಅಂತ ಕಾಮೆಂಟು. ಬರೆದದ್ದು 2016ರಲ್ಲಿ. ಎಷ್ಟು ಸೋಮವಾರ ಹೋದವು ಲೆಕ್ಕ ಹಾಕಿ. ಅಷ್ಟೂ ವರ್ಷ ಅವರ ಬಿಲ್ಲು, ಪಾಸ್‌ವರ್ಡು ಎಲ್ಲ ನಡುವೆ ಕೂತ ಯಾರು ಬೇಕಾದರೂ ಓದಬಹುದಿತ್ತು.

ಶಾರ್ಟ್‌ಕಟ್_ಶೆಟ್ಟಿ

ಓದಿದ್ರಾ ಯಾರಾದ್ರೂ? ಲಾರಿ ನಿಂತಿರೋದು ನಿಮ್ಮ ಗೇಟಲ್ಲಿ ಅಲ್ವಲ್ಲ ಸರ್, ಅದಕ್ಕೇ ಈ ಉಪದೇಶ.

ಟರ್ಮಿನಲ್_ತಿಮ್ಮಿ

ಇಬ್ಬರೂ ಸ್ವಲ್ಪ ಸುಮ್ನಿರಿ. ಪರದಾಟ ಅವರೇ, ಲಕ್ಷಣ ನೋಡಿದರೆ ಇಂಟರ್‌ಮೀಡಿಯೆಟ್ ಸರ್ಟಿಫಿಕೇಟ್ (ಸೈಟಿನದಕ್ಕೆ ಸಹಿ ಹಾಕಿದ, ನಡುವಿನ ಸರ್ಟಿಫಿಕೇಟ್) ನಿಮ್ಮ ಸರ್ವರ್ ಕಳಿಸುತ್ತಿಲ್ಲ ಅನಿಸುತ್ತೆ. ಲಿನಕ್ಸ್ ಮಷೀನ್ ಇದ್ದರೆ ಓಪನ್‌ಎಸ್‌ಎಸ್‌ಎಲ್‌ನ ಎಸ್-ಕ್ಲೈಂಟ್ (ಸರ್ವರ್ ಏನೇನು ಕಳಿಸುತ್ತೆ ಅಂತ ತೋರಿಸುವ ಕಮಾಂಡ್) ಓಡಿಸಿ. ಕನೆಕ್ಟ್‌ಗೆ ನಿಮ್ಮ ಹೋಸ್ಟ್ ಹೆಸರು, ಪೋರ್ಟ್ 443. ಸರ್ವರ್‌ನೇಮ್ ಆಯ್ಕೆಯಲ್ಲೂ ಅದೇ ಹೆಸರು ಕೊಡಿ. ಅದನ್ನು ಬಿಟ್ಟರೆ ಹಳೇ ಓಪನ್‌ಎಸ್‌ಎಸ್‌ಎಲ್‌ಗೆ ಬೇರೆ ಯಾವುದೋ ಸೈಟಿನ ಸರ್ಟಿಫಿಕೇಟ್ ಸಿಕ್ಕಿ ದಾರಿ ತಪ್ಪುತ್ತೀರಿ. ಕೊನೆಗೆ ಶೋಸರ್ಟ್ಸ್. ಬಂದದ್ದರಲ್ಲಿ "ಬಿಗಿನ್ ಸರ್ಟಿಫಿಕೇಟ್" ಎಷ್ಟು ಸಲ ಇದೆ ಎಣಿಸಿ. ಒಂದೇ ಸಲವಲ್ಲ, ಹತ್ತು ಸಲ ಓಡಿಸಿ. ಹತ್ತು ಯಾಕೆ ಅಂತ ಆಮೇಲೆ ಹೇಳ್ತೀನಿ.

ಬರೀ_ಓದುವವ

ಇಂಟರ್‌ಮೀಡಿಯೆಟ್ ಇಲ್ಲ ಅಂದರೆ ಕ್ರೋಮ್ ಯಾಕೆ ಸುಮ್ನಿದೆ? ಅದಕ್ಕೂ ಎರರ್ ಬರಬೇಕಿತ್ತಲ್ವಾ?

ಟರ್ಮಿನಲ್_ತಿಮ್ಮಿ

ನಾಡಕಚೇರಿಗೆ ಅರ್ಜಿ ಹಾಕಿದ್ದೀರಿ ಅಂದುಕೊಳ್ಳಿ. ಅರ್ಜಿ ಇದೆ. ತಹಶೀಲ್ದಾರರು ಯಾರು ಅಂತ ಎಲ್ಲರಿಗೂ ಗೊತ್ತು. ಆದರೆ ನಡುವೆ ಇರಬೇಕಾದ ಗ್ರಾಮ ಲೆಕ್ಕಿಗರ ವರದಿ ನೀವು ಲಗತ್ತಿಸಿಲ್ಲ. ಒಬ್ಬ ಗುಮಾಸ್ತ ಒಳ್ಳೆಯವನು. ಅರ್ಜಿಯ ಮೇಲಿನ ನಂಬರ್ ನೋಡಿ ತಾನೇ ಎದ್ದು ಹೋಗಿ ವರದಿ ಹುಡುಕಿ ತರುತ್ತಾನೆ. ಇನ್ನೊಬ್ಬ ತಲೆ ಎತ್ತದೆ "ಲಗತ್ತು ಇಲ್ಲ" ಅಂತ ವಾಪಸ್ ಕೊಡುತ್ತಾನೆ. ಮೊದಲನೆಯವ ಕ್ರೋಮ್, ಎರಡನೆಯವ ಜಾವಾ.

ನಿಜವಾಗಿ ಆಗೋದೂ ಹೀಗೇ. ಸೈಟಿನ ಸರ್ಟಿಫಿಕೇಟ್ ಒಳಗೇ ಎಐಎ ಅಂತ ಒಂದು ಜಾಗ ಇದೆ. ಅದರಲ್ಲಿ "ನನಗೆ ಸಹಿ ಹಾಕಿದವರ ಸರ್ಟಿಫಿಕೇಟ್ ಇಲ್ಲಿ ಸಿಗುತ್ತೆ" ಅಂತ ಒಂದು ವಿಳಾಸ ಇರುತ್ತೆ. ಕ್ರೋಮ್ ಅಲ್ಲಿಗೆ ಹೋಗಿ ತಂದುಕೊಳ್ಳುತ್ತೆ. ಜಾವಾ, ಕರ್ಲ್, ಪೈಥಾನ್, ಆಂಡ್ರಾಯ್ಡ್ ಆ್ಯಪ್‌ಗಳು ಸಾಮಾನ್ಯವಾಗಿ ಹೋಗಲ್ಲ. ಅದಕ್ಕೇ "ಕ್ರೋಮ್‌ನಲ್ಲಿ ಬಂತು" ಅನ್ನೋದು ಪರೀಕ್ಷೆಯೇ ಅಲ್ಲ.

ಕುಡ್ಲದ_ಕುಕ್ಕಿ

ಹಾಗಾದ್ರೆ ಫೈರ್‌ಫಾಕ್ಸ್‌ನಲ್ಲಿ ನೋಡಿದರೆ ಸಾಕು ಮಾರಾಯ್ರೆ. ಅದು ಎಐಎಗೆ ಹೋಗಲ್ಲ, ತಪ್ಪಿದ್ದರೆ ತಕ್ಷಣ ಹೇಳುತ್ತೆ.

ಹಳೇ_ಸರ್ವರ್

ಅದು ಹಳೇ ಕಥೆ. 2020ರಿಂದ ಫೈರ್‌ಫಾಕ್ಸ್ ಗೊತ್ತಿರುವ ಇಂಟರ್‌ಮೀಡಿಯೆಟ್‌ಗಳನ್ನೆಲ್ಲ ಮೊದಲೇ ಇಳಿಸಿ ಇಟ್ಟುಕೊಳ್ಳುತ್ತೆ. ಈಗ ಅದೂ ಮುಚ್ಚಿಹಾಕುತ್ತೆ. ಲಿನಕ್ಸ್‌ನ ಕರ್ಲ್ ಕಮಾಂಡಿನಲ್ಲಿ ನೋಡಿ. ಅದಕ್ಕೆ ದಾಕ್ಷಿಣ್ಯ ಇಲ್ಲ.

ಕುಡ್ಲದ_ಕುಕ್ಕಿ

ಓ, ಗೊತ್ತಿರಲಿಲ್ಲ. ನಾನು ಐದು ವರ್ಷದಿಂದ ಎಲ್ಲರಿಗೂ ಇದನ್ನೇ ಹೇಳಿಕೊಡ್ತಾ ಇದ್ದೆ 😅

ಧಾರವಾಡ_ಪೇಡ

ರೀ, ಮೊದಲು ಗಡಿಯಾರ ನೋಡ್ರಿ. ನಮ್ಮ ಹುಬ್ಬಳ್ಳಿ ಗೋಡೌನ್‌ನಾಗ ಒಂದು ಪಿಸಿ ದಿನಾ ಬೆಳಿಗ್ಗೆ ಸರ್ಟಿಫಿಕೇಟ್ ಎರರ್ ಕೊಡ್ತಿತ್ತು. ಮಧ್ಯಾಹ್ನ ಯಾರಾದರೂ ಕೈಯಾಡಿಸಿದರೆ ಸರಿ. ಒಂದು ತಿಂಗಳು ಪ್ರಾಕ್ಸಿ, ಫೈರ್‌ವಾಲ್ ಎಲ್ಲಾ ಬೈದೆವು. ನೋಡಿದರೆ ಮದರ್‌ಬೋರ್ಡಿನ ಶೆಲ್ ಸತ್ತಿತ್ತು. ರಾತ್ರಿ ಮೇನ್ ಸ್ವಿಚ್ ಆಫ್ ಮಾಡಿ ಹೋಗೋರು, ಬೆಳಿಗ್ಗೆ ಅದು 2009ನೇ ಇಸವಿಯಲ್ಲಿ ಎದ್ದೇಳೋದು. 2009ರಾಗ ನಿಂತು ನೋಡಿದರೆ ಈಗಿನ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲ. ಬಟನ್ ಶೆಲ್ ಹಾಕಿದೆವು, ಮುಗೀತು.

ಪೀಣ್ಯ_ಪರದಾಟ (11:15)

ಗಡಿಯಾರ ಸರಿ ಇದೆ. ತಿಮ್ಮಿ ಮೇಡಂ, ಹತ್ತು ಸಲ ಓಡಿಸಿದೆ. ಐದು ಸಲ ಒಂದೇ ಸರ್ಟಿಫಿಕೇಟ್ ಬಂತು. ಜೊತೆಗೆ ವೆರಿಫೈ ಎರರ್ ನಂಬರ್ 20, ಅದರ ಕೆಳಗೆ 21. ಇನ್ನೈದು ಸಲ ಎರಡು ಸರ್ಟಿಫಿಕೇಟ್, ಎರರ್ ಇಲ್ಲ. ಇದೇನಿದು ಭೂತಚೇಷ್ಟೆ?

ಟರ್ಮಿನಲ್_ತಿಮ್ಮಿ

ಭೂತ ಅಲ್ಲ, ಲೋಡ್ ಬ್ಯಾಲೆನ್ಸರ್, ಅಂದರೆ ಬಂದವರನ್ನು ಸರ್ವರ್‌ಗಳಿಗೆ ಹಂಚಿ ಕಳಿಸೋದು. ಅದರ ಹಿಂದೆ ಎರಡು ಸರ್ವರ್ ಇದೆ ತಾನೇ? ಒಂದರಲ್ಲಿ ವೆಂಡರ್ ಪೂರ್ತಿ ಚೈನ್ (ಸೈಟಿನದು, ಜೊತೆಗೆ ಇಂಟರ್‌ಮೀಡಿಯೆಟ್) ಹಾಕಿದ್ದಾರೆ, ಇನ್ನೊಂದರಲ್ಲಿ ಬರೀ ಸೈಟಿನ ಸರ್ಟಿಫಿಕೇಟ್. ಹತ್ತು ಸಲ ಓಡಿಸಿ ಅಂದದ್ದು ಅದಕ್ಕೇ. ಎರರ್ 20 ಅಂದರೆ ಸಹಿ ಹಾಕಿದವರು ಯಾರೋ ಸಿಗಲಿಲ್ಲ, 21 ಅಂದರೆ ಹಾಗಾಗಿ ಮೊದಲನೇ ಸರ್ಟಿಫಿಕೇಟನ್ನೇ ಪರೀಕ್ಷಿಸೋಕೆ ಆಗಲಿಲ್ಲ.

ನಿಮ್ಮ ವೆಬ್ ಸರ್ವರ್ ಎನ್‌ಜಿನ್‌ಎಕ್ಸ್ ಆದರೆ ಎರಡನ್ನೂ ಒಂದೇ ಫೈಲಿಗೆ ಹಾಕಬೇಕು. ಸೈಟಿನದು ಮೇಲೆ, ಇಂಟರ್‌ಮೀಡಿಯೆಟ್ ಕೆಳಗೆ. ಉಲ್ಟಾ ಹಾಕಿದರೆ "ಕೀ ವ್ಯಾಲ್ಯೂಸ್ ಮಿಸ್‌ಮ್ಯಾಚ್" ಅಂತ ಜಗಳ ತೆಗೆಯುತ್ತೆ. ರೂಟ್ (ಎಲ್ಲಕ್ಕೂ ಮೇಲಿನ ಮೂಲ ಸರ್ಟಿಫಿಕೇಟ್) ಸೇರಿಸೋದು ಬೇಡ, ಅದು ನೋಡುವವರ ಹತ್ತಿರವೇ ಇರಬೇಕು.

ಹಳೇ_ಸರ್ವರ್

ನೋಟ್‌ಪ್ಯಾಡ್‌ನಲ್ಲಿ ಅಂಟಿಸುವಾಗ ಹುಷಾರು. ಮೊದಲನೇದರ "ಎಂಡ್ ಸರ್ಟಿಫಿಕೇಟ್" ಸಾಲು ಮುಗಿದ ಮೇಲೆ ಎಂಟರ್ ಹೊಡೆಯದಿದ್ದರೆ ಎರಡನೇದರ "ಬಿಗಿನ್" ಅದೇ ಸಾಲಿಗೆ ಅಂಟಿಕೊಳ್ಳುತ್ತೆ. ಐದು ಅಡ್ಡಗೆರೆ ಇರಬೇಕಾದಲ್ಲಿ ಹತ್ತು ಗೆರೆ. ನೋಡೋಕೆ ಎಲ್ಲ ಸರಿ ಇದ್ದ ಹಾಗೇ ಕಾಣುತ್ತೆ. ಇದಕ್ಕಾಗಿ ನಾನೊಂದು ಭಾನುವಾರ ಕಳೆದಿದ್ದೇನೆ. ಮತ್ತೆ ರೀಲೋಡ್ ಮಾಡಿ, ಮರೀಬೇಡಿ. ಫೈಲ್ ಬದಲಾದ ಮಾತ್ರಕ್ಕೆ ಎನ್‌ಜಿನ್‌ಎಕ್ಸ್ ಹೊಸದನ್ನು ಓದಲ್ಲ.

ಜಾವಾ_ಜಾಣ

ಒಂದು ನಿಮಿಷ. ಯಾರೂ ಗಮನಿಸಿಲ್ಲ ಅನಿಸುತ್ತೆ. ಅವರು ಬರೆದದ್ದು ಓದಿ: ಸ್ಕ್ಯಾನರ್ ಒಮ್ಮೆ ಬರುತ್ತೆ, ಒಮ್ಮೆ ಬರಲ್ಲ. ಜಾವಾ ಮಾತ್ರ ಪ್ರತಿ ಸಲ ಫೇಲ್. ಬರೀ ಚೈನ್ ಸಮಸ್ಯೆ ಆಗಿದ್ದರೆ ಜಾವಾನೂ ಅರ್ಧ ಸಲ ಪಾಸ್ ಆಗಬೇಕಿತ್ತು. ಇಲ್ಲಿ ಎರಡು ರೋಗ ಒಟ್ಟಿಗೆ ಇದೆ.

ಪ್ರಾಕ್ಸಿ_ಪೀಡಿತ

ಮಧ್ಯೆ ಬಾಯಿ ಹಾಕ್ತೀನಿ, ಕ್ಷಮಿಸಿ. ನನಗೂ ಇಂಥದ್ದೇ, ಆದರೆ ಎಲ್ಲಾ ಸೈಟಿಗೂ. ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಬ್ರೌಸರ್ ಸರಿ. ಪೈಥಾನ್‌ನ ಪಿಪ್, ನೋಡ್‌ನ ಎನ್‌ಪಿಎಂ ಎರಡೂ "ಸೆಲ್ಫ್ ಸೈನ್ಡ್ ಸರ್ಟಿಫಿಕೇಟ್ ಇನ್ ಚೈನ್" ಅಂತವೆ. ಮನೆ ವೈಫೈನಲ್ಲಿ, ವಿಪಿಎನ್ ಇಲ್ಲದಿದ್ದರೆ ಏನೂ ಇಲ್ಲ.

ಟರ್ಮಿನಲ್_ತಿಮ್ಮಿ

ನಿಮ್ಮ ಆಫೀಸಿನ ಪ್ರಾಕ್ಸಿ ಎಲ್ಲಾ ಸಂಪರ್ಕವನ್ನೂ ನಡುವೆ ಬಿಚ್ಚಿ ನೋಡಿ, ತನ್ನದೇ ಸರ್ಟಿಫಿಕೇಟ್ ಹಾಕಿ ಮತ್ತೆ ಕಟ್ಟಿ ಕೊಡುತ್ತಿದೆ. ಕಂಪನಿಯ ರೂಟನ್ನು ಐಟಿಯವರು ಗ್ರೂಪ್ ಪಾಲಿಸಿಯಲ್ಲಿ ವಿಂಡೋಸ್‌ಗೆ ತುಂಬಿರುತ್ತಾರೆ, ಅದಕ್ಕೇ ಕ್ರೋಮ್ ಸುಮ್ನಿದೆ. ಹಳೇ ಪಿಪ್, ನೋಡ್ ಎರಡೂ ತಮ್ಮದೇ ಪಟ್ಟಿ ಇಟ್ಟುಕೊಂಡಿವೆ. ಐಟಿಯವರ ಹತ್ತಿರ ರೂಟ್ ಫೈಲ್ ಕೇಳಿ ಪಡೆಯಿರಿ. ನೋಡ್‌ಗಾದರೆ ಎಕ್ಸ್‌ಟ್ರಾ ಸಿಎ ಸರ್ಟ್ಸ್ ಅನ್ನೋ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ, ಪಿಪ್‌ಗಾದರೆ ಅದರ ಕಾನ್ಫಿಗ್‌ನ ಸರ್ಟ್ ಆಯ್ಕೆಗೆ ಆ ಫೈಲಿನ ದಾರಿ ಕೊಡಿ. ರಿಜೆಕ್ಟ್ ಅನ್‌ಆಥರೈಸ್ಡ್‌ಗೆ ಸೊನ್ನೆ ಹಾಕಿ (ಅಂದರೆ ಪರೀಕ್ಷೆಯನ್ನೇ ಆಫ್ ಮಾಡಿ) ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ಶಾರ್ಟ್‌ಕಟ್_ಶೆಟ್ಟಿ

ನಾನು ಹೇಳೋಕೆ ಹೊರಟಿದ್ದೆ 🙈

ಪೀಣ್ಯ_ಪರದಾಟ (11:50)

ಎರಡೂ ಸರ್ವರ್ ಸರಿ ಮಾಡಿದೆ. ಈಗ ಹತ್ತಕ್ಕೆ ಹತ್ತು ಸಲ ಎರಡು ಸರ್ಟಿಫಿಕೇಟ್ ಬರುತ್ತಿದೆ. ಸ್ಕ್ಯಾನರ್ ಸರಿಯಾಯ್ತು ಅಂತ ಗೋಡೌನ್‌ನಿಂದ ಫೋನ್ ಬಂತು. ಆದರೆ ಜಾಣ ಸರ್ ಹೇಳಿದ ಹಾಗೇ ಆಯ್ತು. ಜಾವಾ ಜಪ್ಪಯ್ಯ ಅಂದರೂ ಜಗ್ಗುತ್ತಿಲ್ಲ.

ಜಾವಾ_ಜಾಣ

ಎರಡು ಪ್ರಶ್ನೆ. ಕೀಟೂಲ್ ಯಾವ ಜಾವಾದಲ್ಲಿ ಓಡಿಸಿದಿರಿ? ಸರ್ವಿಸ್ ಓಡುತ್ತಿರೋದು ಯಾವ ಜಾವಾದಲ್ಲಿ? ಟಾಸ್ಕ್ ಮ್ಯಾನೇಜರ್‌ನಲ್ಲಿ ಕಮಾಂಡ್ ಲೈನ್ ಕಾಲಂ ತೆರೆದು ಪೂರ್ತಿ ದಾರಿ ಓದಿ ಹೇಳಿ.

ಪೀಣ್ಯ_ಪರದಾಟ

ಅಯ್ಯೋ. ನಾನು ಇಂಪೋರ್ಟ್ ಮಾಡಿದ್ದು ಪ್ರೋಗ್ರಾಂ ಫೈಲ್ಸ್ ಒಳಗಿನ ಜಾವಾ 17ಕ್ಕೆ. ಸರ್ವಿಸ್ ಓಡುತ್ತಿರೋದು ಡಿ ಡ್ರೈವ್‌ನಲ್ಲಿ ಅಪ್ಲಿಕೇಶನ್ ಜೊತೆಗೇ ಬಂದ ಯಾವುದೋ ಜಾವಾ 8ರಲ್ಲಿ. ಫೋಲ್ಡರ್ ದಿನಾಂಕ 2015!

ಜಾವಾ_ಜಾಣ

ಅದೇ ನಿಮ್ಮ ಎರಡನೇ ರೋಗ. ಪ್ರತಿ ಜಾವಾಗೂ ತನ್ನದೇ ಕ್ಯಾಸರ್ಟ್ಸ್ ಫೈಲ್ (ನಂಬುವ ರೂಟ್‌ಗಳ ಪಟ್ಟಿ) ಇರುತ್ತೆ. ಒಂದೇ ಮನೆಯಲ್ಲಿ ಎರಡು ಒಲೆ ಇದ್ದ ಹಾಗೆ, ನೀವು ಉರಿಯದ ಒಲೆ ಮೇಲೆ ಅನ್ನಕ್ಕಿಟ್ಟಿದ್ದೀರಿ. 2015ರ ಕ್ಯಾಸರ್ಟ್ಸ್‌ನಲ್ಲಿ ಆಮೇಲೆ ಬಂದ ರೂಟ್‌ಗಳು ಇರೋದೇ ಇಲ್ಲ. ಹಳೇ ಸರ್ಟಿಫಿಕೇಟ್ ಕಂಪನಿಯ ರೂಟ್ ಅದರಲ್ಲಿತ್ತು, ಹೊಸ ಕಂಪನಿಯದು ಇಲ್ಲ.

ಸೈಟಿನ ಸರ್ಟಿಫಿಕೇಟ್ ಹಾಕಬೇಡಿ, ರೂಟ್ ಹಾಕಿ. ಸೈಟಿನದು ಹಾಕಿದರೆ ಕೆಲಸ ಆಗುತ್ತೆ, ಆದರೆ ಮುಂದಿನ ರಿನ್ಯೂವಲ್‌ಗೆ ಮತ್ತೆ ಇದೇ ಗೋಳು. ಜಾವಾ 8ರಲ್ಲಿ ಕ್ಯಾಸರ್ಟ್ಸ್ ಇರೋದು ಜೆಆರ್‌ಇ ಫೋಲ್ಡರಿನ ಲಿಬ್ ಒಳಗೆ, ಸೆಕ್ಯುರಿಟಿಯಲ್ಲಿ. ಪಾಸ್‌ವರ್ಡ್ ಯಾರೂ ಬದಲಾಯಿಸಿರದಿದ್ದರೆ "ಚೇಂಜ್‌ಇಟ್". ಬದಲಾಯಿಸಿ ಅಂತ ಪಾಸ್‌ವರ್ಡೇ ಬಾಯಿಬಿಟ್ಟು ಕೇಳಿಕೊಂಡರೂ ಯಾರೂ ಬದಲಾಯಿಸಿರಲ್ಲ. ರೂಟ್ ಫೈಲನ್ನು ಆ ಕಂಪನಿಯ ಸೈಟಿಂದಲೇ ಇಳಿಸಿ, ಫಿಂಗರ್‌ಪ್ರಿಂಟ್ (ಸರ್ಟಿಫಿಕೇಟಿನ ಗುರುತು ಸಂಖ್ಯೆ) ತಾಳೆ ನೋಡಿ. ವಾಟ್ಸಾಪ್‌ನಲ್ಲಿ ವೆಂಡರ್ ಕಳಿಸಿದ್ದನ್ನು ಹಾಕಬೇಡಿ.

ಬರೀ_ಓದುವವ

ಎಐಎಗೆ ಹೋಗೋ ಹಾಗೆ ಜಾವಾಗೂ ಒಂದು ಸೆಟ್ಟಿಂಗ್ ಇದೆ ಅಂತ ಎಲ್ಲೋ ಓದಿದ್ದೆ?

ಜಾವಾ_ಜಾಣ

ಇದೆ. ಎನೇಬಲ್ ಎಐಎ ಸಿಎ ಇಶ್ಯೂಯರ್ಸ್ ಅನ್ನೋ ಪ್ರಾಪರ್ಟಿ, ಸುಮ್ನೆ ಬಿಟ್ಟರೆ ಆಫ್. ಇವರ ಕೇಸಿನಲ್ಲಿ ಉಪಯೋಗ ಇಲ್ಲ. ಅದು ನಡುವಿನದನ್ನು ತರುತ್ತೆ ಅಷ್ಟೇ. ರೂಟೇ ಗೊತ್ತಿಲ್ಲದವನಿಗೆ ನಡುವಿನದು ತಂದುಕೊಟ್ಟು ಏನು ಬಂತು?

ಪೀಣ್ಯ_ಪರದಾಟ (12:25)

ಲಾರಿ ಹೊರಟವು!!! 🙏🙏 ಜಾಣ ಸರ್, ತಿಮ್ಮಿ ಮೇಡಂ, ಎಲ್ಲರಿಗೂ ಒಂದೊಂದು ಮಸಾಲೆ ದೋಸೆ ಬಾಕಿ. ಮ್ಯಾನೇಜರ್ ಬಂದು "ಆಯ್ತಾ? ಇಷ್ಟಕ್ಕೆ ಇಷ್ಟು ಹೊತ್ತಾ?" ಅಂದು ಹೋದರು.

ಧಾರವಾಡ_ಪೇಡ

ದೋಸಿ ಬ್ಯಾಡ್ರಿ, ನಮಗ ಮಿರ್ಚಿ ಭಜಿ ಸಾಕು.

ಮಿಲ್ಪಿಟಾಸ್_ಮಲ್ನಾಡು

ತಡವಾಗಿ ಬಂದೆ, ಇಲ್ಲಿ ಈಗ ರಾತ್ರಿ. ಅವರಿಗೆ ಹೇಳಿ, ಇದು ದೊಡ್ಡ ದೊಡ್ಡವರನ್ನೂ ಬಿಟ್ಟಿಲ್ಲ. 2020ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟ್ ಟೀಮ್ಸ್ ಗಂಟೆಗಟ್ಟಲೆ ಬಿದ್ದಿತ್ತು. ಕಾರಣ ಸರ್ಟಿಫಿಕೇಟ್ ರಿನ್ಯೂ ಮಾಡೋದು ಮರೆತದ್ದು. 2018ರ ಡಿಸೆಂಬರ್‌ನಲ್ಲಿ ಎರಿಕ್ಸನ್ ಸಾಫ್ಟ್‌ವೇರಿನೊಳಗೆ ಒಂದು ಸರ್ಟಿಫಿಕೇಟ್ ಅವಧಿ ಮುಗಿದು ಬ್ರಿಟನ್ನಿನ ಓಟೂ ಮೊಬೈಲ್ ಕಂಪನಿಯ ಗ್ರಾಹಕರಿಗೆ ಒಂದು ದಿನ ಡೇಟಾ ಇರಲಿಲ್ಲ. ನಿಮ್ಮದು ಬರೀ 3 ಲಾರಿ.

ನಿಜವಾದ ತಲೆನೋವು ಮುಂದೆ ಇದೆ. 2025ರ ಏಪ್ರಿಲ್‌ನಲ್ಲಿ ಸಿಎ-ಬ್ರೌಸರ್ ಫೋರಂ (ಸರ್ಟಿಫಿಕೇಟ್ ಕೊಡುವ ಸಿಎ ಕಂಪನಿಗಳು, ಬ್ರೌಸರ್ ಕಂಪನಿಗಳ ಒಕ್ಕೂಟ) ಸರ್ಟಿಫಿಕೇಟ್ ಅವಧಿ ಇಳಿಸೋಕೆ ಮತ ಹಾಕಿತು. 398 ದಿನ ಇದ್ದದ್ದು 2026ರ ಮಾರ್ಚ್ 15ರಿಂದ 200. 2027ರ ಮಾರ್ಚ್‌ನಿಂದ 100, 2029ರ ಮಾರ್ಚ್‌ನಿಂದ 47 ದಿನ. ಶುಕ್ರವಾರ ರಾತ್ರಿ ವೆಂಡರ್ ಬಂದು ಹಾಕಿ ಹೋಗೋ ಕಾಲ ಮುಗೀತು.

ಶಾರ್ಟ್‌ಕಟ್_ಶೆಟ್ಟಿ

47 ದಿನ! ಇದು ಸರ್ಟಿಫಿಕೇಟ್ ಮಾರುವವರ ಪಿತೂರಿ. ಪ್ರತಿ ಸಲ ದುಡ್ಡು ಕೀಳೋ ದಾರಿ.

ಹಳೇ_ಸರ್ವರ್

ಸುಳ್ಳು. ಪ್ರಸ್ತಾಪ ತಂದದ್ದು ಆಪಲ್, ಮಾರುವವರಲ್ಲ. ಲೆಟ್ಸ್ ಎನ್‌ಕ್ರಿಪ್ಟ್ ಪುಕ್ಕಟೆ ಕೊಡುತ್ತೆ. ಆ್ಯಕ್ಮೆ ಪ್ರೋಟೋಕಾಲ್‌ನಲ್ಲಿ ಮಷೀನೇ ತಾನಾಗಿ ರಿನ್ಯೂ ಮಾಡಿಕೊಳ್ಳಬಹುದು. ನಾವು ಕೈಯಲ್ಲಿ ಮಾಡ್ತೀವಿ ಅಂತ ಹಠ ಹಿಡಿದರೆ ಅವರೇನು ಮಾಡ್ತಾರೆ?

ಶಾರ್ಟ್‌ಕಟ್_ಶೆಟ್ಟಿ

ನಮ್ಮ ಒಳಗಿನ ಸರ್ವರ್‌ಗೆ ಇಂಟರ್ನೆಟ್ಟೇ ಇಲ್ಲ ಸರ್. ತಾನಾಗಿ ಎಲ್ಲಿಂದ ಮಾಡುತ್ತೆ, ಹೇಳಿ?

ಟರ್ಮಿನಲ್_ತಿಮ್ಮಿ

ಶೆಟ್ರು ಈ ಸಲ ಕೇಳಿದ್ದು ಸರಿ ಇದೆ. ಡಿಎನ್‌ಎಸ್‌ನಲ್ಲಿ ದಾಖಲೆ ಹಾಕಿ ತೋರಿಸುವ ವಿಧಾನ ಇದೆ, ಆಗ ಸರ್ವರ್‌ಗೆ ಹೊರಗಿನಿಂದ ಯಾರೂ ಬರಬೇಕಿಲ್ಲ. ಇಲ್ಲದಿದ್ದರೆ ಕಂಪನಿಯದೇ ಸಿಎ ಮಾಡಿಕೊಳ್ಳಿ. ಈ 47 ದಿನದ ನಿಯಮ ಹೊರಗಿನ, ಎಲ್ಲರೂ ನಂಬುವ ಸಿಎಗಳಿಗೆ ಮಾತ್ರ. ಆದರೆ ಸ್ವಂತ ಸಿಎ ಅಂದರೆ ಪ್ರತಿ ಫೋನು, ಪ್ರತಿ ಜಾವಾಗೂ ನಿಮ್ಮ ರೂಟ್ ನೀವೇ ಹಂಚಬೇಕು. ಇವತ್ತಿನ ಗೋಳು ಮೂರು ಪಟ್ಟು.

ಕುಡ್ಲದ_ಕುಕ್ಕಿ

ಸಿಎ ಅಂದಾಗ ನೆನಪಾಯ್ತು. ಮೊದಲು ನಮ್ಮ ಸರ್ಕಾರಿ ಸೈಟುಗಳು ಎಷ್ಟೋ ಫೈರ್‌ಫಾಕ್ಸ್‌ನಲ್ಲಿ ಬರುತ್ತಲೇ ಇರಲಿಲ್ಲ ಅಲ್ವಾ? "ಅಡ್ವಾನ್ಸ್ಡ್ ಒತ್ತಿ ಮುಂದೆ ಹೋಗಿ" ಅಂತ ಸೈಟಿನಲ್ಲೇ ಬರೆದಿರುತ್ತಿದ್ದರು!

ಹಳೇ_ಸರ್ವರ್

ನಮ್ಮ ದೇಶದ ಸಿಸಿಎ (ಸಿಎಗಳ ಮೇಲಿನ ಸರ್ಕಾರಿ ನಿಯಂತ್ರಕರು) ರೂಟ್ ವಿಂಡೋಸ್ ಪಟ್ಟಿಯಲ್ಲಿತ್ತು, ಫೈರ್‌ಫಾಕ್ಸ್ ಪಟ್ಟಿಯಲ್ಲಿ ಇರಲಿಲ್ಲ. 2014ರ ಜುಲೈನಲ್ಲಿ ಸರ್ಕಾರದ ಐಟಿ ಸಂಸ್ಥೆ ಎನ್‌ಐಸಿಯ ಸಿಎಯಿಂದ ಗೂಗಲ್ ಡೊಮೇನ್‌ಗಳಿಗೇ ಅನಧಿಕೃತ ಸರ್ಟಿಫಿಕೇಟ್ ಹೊರಟದ್ದು ಸಿಕ್ಕಿಬಿತ್ತು. ಸಿಸಿಎ ಆ ಇಂಟರ್‌ಮೀಡಿಯೆಟ್‌ಗಳನ್ನು ರದ್ದು ಮಾಡಿತು. ಆಗ ವಿಂಡೋಸ್‌ನಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ ಬಳಸುವವರಿಗೆ ಅಪಾಯ ಇತ್ತು, ಫೈರ್‌ಫಾಕ್ಸ್‌ನವರಿಗೆ ಇರಲಿಲ್ಲ. ಬೈಸಿಕೊಂಡ ಫೈರ್‌ಫಾಕ್ಸೇ ಅವತ್ತು ಬಚಾವ್.

ಪೀಣ್ಯ_ಪರದಾಟ (ಸಂಜೆ 4:10)

ಮತ್ತೆ ನಾನೇ. ಎಲ್ಲ ಮುಗೀತು ಅಂದುಕೊಂಡಿದ್ದೆ. ಸ್ಕ್ಯಾನರ್‌ಗಳಲ್ಲಿ 4 ಇನ್ನೂ ಕೆಲಸ ಮಾಡುತ್ತಿಲ್ಲ. ಬೆಳಿಗ್ಗೆಯೂ ಅವು ಒಂದು ಸಲವೂ ಬಂದಿರಲಿಲ್ಲವಂತೆ. ಪಕ್ಕದವರ ಸ್ಕ್ಯಾನರ್ ಕಸಿದುಕೊಂಡು ಕೆಲಸ ನಡೆಸುತ್ತಿದ್ದರಂತೆ. ಯಾರೂ ಹೇಳಿಲ್ಲ.

ಜಾವಾ_ಜಾಣ

ಆ ನಾಲ್ಕರ ಆಂಡ್ರಾಯ್ಡ್ ವರ್ಷನ್ ಎಷ್ಟು?

ಪೀಣ್ಯ_ಪರದಾಟ

6.0. ಉಳಿದದ್ದೆಲ್ಲ 10.

ಜಾವಾ_ಜಾಣ

ನಿಮ್ಮ ಜಾವಾ 8ಕ್ಕೆ ಬಂದ ರೋಗವೇ. ಆಗ ಆಂಡ್ರಾಯ್ಡ್ ರೂಟ್ ಪಟ್ಟಿ ಸಿಸ್ಟಂ ಅಪ್‌ಡೇಟ್ ಜೊತೆಗೇ ಬರುತ್ತಿತ್ತು. ಅಪ್‌ಡೇಟ್ ನಿಂತರೆ ಪಟ್ಟಿಯೂ ಅಲ್ಲೇ ನಿಂತಿತು. ಲೆಟ್ಸ್ ಎನ್‌ಕ್ರಿಪ್ಟ್‌ನವರ ರೂಟ್ ಕೂಡ 7.1.1ಕ್ಕಿಂತ ಹಳೆಯ ಆಂಡ್ರಾಯ್ಡ್‌ಗಳಲ್ಲಿ ಇಲ್ಲ. ಹಳೇ ರೂಟಿನಿಂದ ಅಡ್ಡಸಹಿ ಹಾಕಿಸಿ ಅವರು ವರ್ಷಗಟ್ಟಲೆ ತಳ್ಳಿದರು. ನಿಮ್ಮ ಹೊಸ ಕಂಪನಿಯ ಹತ್ತಿರ ಅಂಥ ಅಡ್ಡಸಹಿಯ ಚೈನ್ ಇದೆಯಾ ಕೇಳಿ. ಇದ್ದರೆ ಸರ್ವರ್‌ನಲ್ಲಿ ಅದನ್ನೂ ಸೇರಿಸಬಹುದು.

ಪೀಣ್ಯ_ಪರದಾಟ

ಕೇಳಿದೆ. ಇಲ್ಲವಂತೆ. ಹೊಸ ಸ್ಕ್ಯಾನರ್ ಬೇಕು ಅಂತ ಮ್ಯಾನೇಜರ್‌ಗೆ ಹೇಳಿದೆ. "ಬಜೆಟ್ ಇಲ್ಲ, ಹಳೇ ಸರ್ಟಿಫಿಕೇಟನ್ನೇ ವಾಪಸ್ ಹಾಕಿ" ಅಂದರು.

ಟರ್ಮಿನಲ್_ತಿಮ್ಮಿ

😂 ಹಾಲು ಒಡೆದ ಮೇಲೆ ವಾಪಸ್ ಪ್ಯಾಕೆಟ್‌ಗೆ ಹಾಕಿ ಅಂದ ಹಾಗಾಯ್ತು.

ಸದ್ಯಕ್ಕೆ ಒಂದು ದಾರಿ ಇದೆ. ಆಂಡ್ರಾಯ್ಡ್ 6ರಲ್ಲಿ ನಾವು ಕೈಯಾರೆ ಹಾಕಿದ ರೂಟನ್ನು ಆ್ಯಪ್‌ಗಳು ನಂಬುತ್ತವೆ. 7ರಿಂದ ಈಚೆಗೆ ಆ್ಯಪ್ ಬರೆದವರು ಒಪ್ಪದ ಹೊರತು ನಂಬಲ್ಲ. ಹಳೇದಾಗಿರೋದೇ ಇಲ್ಲಿ ನಿಮ್ಮ ಅದೃಷ್ಟ. ಸೆಟ್ಟಿಂಗ್ಸ್‌ನ ಸೆಕ್ಯುರಿಟಿಯಲ್ಲಿ ಸ್ಟೋರೇಜ್‌ನಿಂದ ರೂಟ್ ಫೈಲ್ ಇನ್‌ಸ್ಟಾಲ್ ಮಾಡಿ. ಒಂದು ಷರತ್ತು: ಸ್ಕ್ರೀನ್ ಲಾಕ್ ಇರಲೇಬೇಕು, ಪಿನ್ ಇಡು ಅಂತ ಕೇಳುತ್ತೆ.

ಹಳೇ_ಸರ್ವರ್

ಸದ್ಯಕ್ಕೆ ಅನ್ನೋದನ್ನ ದಪ್ಪ ಅಕ್ಷರದಲ್ಲಿ ಓದಿ. ಅಪ್‌ಡೇಟ್ ನಿಂತ ಆಂಡ್ರಾಯ್ಡ್ 6ನ್ನು ಬಿಲ್ಲಿಂಗ್ ನೆಟ್‌ವರ್ಕ್‌ನಲ್ಲಿ ಇಟ್ಟುಕೊಳ್ಳೋದೇ ಬೇರೆ ಅಪಾಯ.

ಶಾರ್ಟ್‌ಕಟ್_ಶೆಟ್ಟಿ

ಮೇಡಂ ಹೇಳಿದರೆ "ದಾರಿ", ನಾನು ಹೇಳಿದರೆ "2016ರ ಕೋಡು". ಇರಲಿ ಬಿಡಿ.

ಪೀಣ್ಯ_ಪರದಾಟ (ಮಂಗಳವಾರ, ಬೆಳಿಗ್ಗೆ 9:30)

ನಾಲ್ಕಕ್ಕೂ ರೂಟ್ ಹಾಕಿದೆ, ನಾಲ್ಕೂ ಓಡುತ್ತಿವೆ. ಪಿನ್ ಇಟ್ಟು, ಗೋಡೌನ್ ಸೂಪರ್‌ವೈಸರ್ ಒಬ್ಬರಿಗೇ ಗುಟ್ಟಾಗಿ ಹೇಳಿ ಬಂದಿದ್ದೆ. ಈಗ ಹೋಗಿ ನೋಡಿದರೆ ನಾಲ್ಕೂ ಸ್ಕ್ಯಾನರ್ ಬೆನ್ನಿಗೆ ಬಿಳಿ ಸ್ಟಿಕರ್ ಅಂಟಿಸಿ, ಮಾರ್ಕರ್‌ನಲ್ಲಿ ದೊಡ್ಡದಾಗಿ ಪಿನ್ ಬರೆದಿದ್ದಾರೆ.

ಧಾರವಾಡ_ಪೇಡ

ಮ್ಯಾಲೆ ಟೇಪ್ ಹಚ್ಚಿದಾರೇನ್ರಿ? ಇಲ್ಲಾಂದ್ರ ಬೆವರಿಗೆ ಅಳಿಸಿ ಹೋಗ್ತದ.